ಜನಮತಗಣನೆಯ ರಾತ್ರಿ ಸ್ಟಾಪ್ ಲಾಸ್ ಹಾಕಿ ಮಲಗಬಹುದಾ?

ಪ್ರಶ್ನೆ: ಎರಡು ವರ್ಷದಿಂದ ಕರೆನ್ಸಿ ಟ್ರೇಡಿಂಗ್ ಮಾಡುತ್ತಿದ್ದೇನೆ ಸರ್. ಖಾತೆಯಲ್ಲಿ 5,000 ಡಾಲರ್ ಇದೆ. ಬ್ರೆಕ್ಸಿಟ್ ಹೊತ್ತಿನಲ್ಲಿ ನಾನು ಈ ಕಡೆ ತಲೆ ಹಾಕಿರಲಿಲ್ಲ. ಅಂಥದೇ ಇನ್ನೊಂದು ಜನಮತಗಣನೆ ಬಂದರೆ ಬಿಡಬಾರದು ಅಂದುಕೊಂಡಿದ್ದೇನೆ. ಪ್ಲ್ಯಾನ್ ಇಷ್ಟೇ: ಸಮೀಕ್ಷೆ ಯಾವ ಕಡೆ ವಾಲಿದೆಯೋ ಆ ಕಡೆ ಒಂದು ಲಾಟ್, 50 ಪಿಪ್‌ಗೆ ಸ್ಟಾಪ್ ಲಾಸ್ (ನಷ್ಟ ಅಷ್ಟು ಮುಟ್ಟಿದರೆ ತಾನಾಗಿ ಹೊರಗೆ ಹಾಕುವ ಆರ್ಡರ್). ತಪ್ಪಿದರೆ 500 ಡಾಲರ್ ಹೋಗುತ್ತದೆ, ಕೂಡಿಬಂದರೆ ಸಾವಿರಗಟ್ಟಲೆ ಬರುತ್ತದೆ. ಸ್ಟಾಪ್ ಹಾಕಿ ಮಲಗಿಬಿಡಬಹುದಲ್ವಾ?

ಉತ್ತರ: ಮಲಗಬಹುದು. ಎದ್ದಾಗ ಖಾತೆಯಲ್ಲಿ ದುಡ್ಡು ಇರುತ್ತದೆ ಅಂತ ಮಾತ್ರ ಹೇಳಲಾರೆ.

ನಿಮ್ಮ ಗುಣಾಕಾರ ಸರಿ ಇದೆ. ಒಂದು ಲಾಟ್ ಅಂದರೆ 1 ಲಕ್ಷ ಪೌಂಡ್, ಪಿಪ್ ಅಂದರೆ ದರದಲ್ಲಿ 0.0001 ಡಾಲರ್. ಹಾಗಾಗಿ ಪಿಪ್‌ಗೆ 10 ಡಾಲರ್, 50 ಪಿಪ್‌ಗೆ 500. ಆದರೆ ಆ 50 ನೀವೇ ಬರೆದುಕೊಂಡ ಸಂಖ್ಯೆ. ಮಾರುಕಟ್ಟೆ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

2016ರ ಜೂನ್ 23, ಗುರುವಾರ ರಾತ್ರಿ. ಯುರೋಪಿಯನ್ ಒಕ್ಕೂಟದಲ್ಲಿ ಉಳಿಯೋಣವಾ, ಹೊರಡೋಣವಾ ಅಂತ ಬ್ರಿಟನ್ ಮತ ಹಾಕಿದ ದಿನ. ನಾನು ಲಂಡನ್ನಿನ ಒಂದು ಡೀಲಿಂಗ್ ರೂಮಿನಲ್ಲಿ ಕೂತಿದ್ದೆ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. 10 ಗಂಟೆಗೆ ಮತದಾನ ಮುಗಿಯಿತು. ಅದರ ಬೆನ್ನಿಗೇ ಬಂದ ಯೂಗವ್ ಸಮೀಕ್ಷೆ, ಉಳಿಯೋಣ ಅನ್ನುವವರಿಗೆ 52, ಹೊರಡೋಣ ಅನ್ನುವವರಿಗೆ 48 ಅಂದಿತು. ಹೊರಡುವ ಪರ ಪ್ರಚಾರ ಮಾಡಿದ್ದ ನೈಜೆಲ್ ಫರಾಜ್ ಕೂಡ ಸೋತವರ ದನಿಯಲ್ಲೇ ಮಾತಾಡಿದರು. ಪೌಂಡ್ 1.50 ಡಾಲರ್ ಮುಟ್ಟಿತು. ಆ ವರ್ಷ ಅಷ್ಟು ಮೇಲೆ ಹೋಗಿರಲೇ ಇಲ್ಲ. ನಮ್ಮ ಪಕ್ಕದ ಸಾಲಿನಲ್ಲಿ ಇಬ್ಬರು ಕೋಟು ಹಾಕಿಕೊಂಡು ಮನೆಗೆ ಹೊರಟೇಬಿಟ್ಟರು.

ಮಧ್ಯರಾತ್ರಿ ಹೊತ್ತಿಗೆ ನ್ಯೂಕಾಸಲ್ ಫಲಿತಾಂಶ ಬಂತು. ಅಲ್ಲಿ ಉಳಿಯುವವರು ಆರಾಮಾಗಿ ಗೆಲ್ಲಬೇಕಿತ್ತು. ಗೆದ್ದರು, ಆದರೆ ಸಿಕ್ಕಿದ್ದು ಶೇ 50.7 ಮಾತ್ರ. ಸ್ವಲ್ಪ ಹೊತ್ತಿಗೇ ಸಂಡರ್‌ಲ್ಯಾಂಡ್: ಹೊರಡುವ ಪರ ಶೇ 61. ಮುಗಿಯಿತು. ಪೌಂಡ್ 1.43ರ ಆಸುಪಾಸಿಗೆ ಬಂದು ಬಿತ್ತು. ‘ಇಳಿಯಿತು’ ಅಂತ ಬರೆಯಲು ಕೈ ಬರುತ್ತಿಲ್ಲ. ಇಳಿಯೋದು ಅಂದರೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಇಲ್ಲಿ ಮೆಟ್ಟಿಲುಗಳೇ ಮಾಯ. ಪರದೆ ಮೇಲೆ ಒಂದು ಬೆಲೆ ಕಾಣುತ್ತಿತ್ತು, ಮರುಕ್ಷಣ ಅದಕ್ಕಿಂತ ಎಷ್ಟೋ ಕೆಳಗೆ ಇನ್ನೊಂದು. ನಡುವಿನ ಬೆಲೆಗೆ ಕೊಳ್ಳುವವರು ಯಾರೂ ಇರಲಿಲ್ಲ. ಆಮೇಲೆ ಸ್ವಲ್ಪ ಚೇತರಿಸಿಕೊಂಡಿತು, ಮತ್ತೆ ಬಿತ್ತು. ಬೆಳಗಿನ ಜಾವ 4.40ಕ್ಕೆ ಹೊರಡುವವರೇ ಗೆದ್ದರು ಅಂತ ಬಿಬಿಸಿ ಹೇಳಿತು. ಬೆಳಕು ಹರಿಯುವ ಹೊತ್ತಿಗೆ ಪೌಂಡ್ 1.3230ರ ಹತ್ತಿರ ಹೋಗಿ ಬಂದಿತ್ತು. 1985ರ ಮೇಲೆ ಆವತ್ತಿನ ತನಕ ಅಷ್ಟು ಕೆಳಗೆ ಹೋಗಿರಲಿಲ್ಲ.

1.50ರಿಂದ 1.3230 ಅಂದರೆ 1,770 ಪಿಪ್. ನಿಮ್ಮ ಒಂದು ಲಾಟ್‌ಗೆ 17,700 ಡಾಲರ್. ಖಾತೆಯಲ್ಲಿರುವುದು 5,000. ಅಂದಹಾಗೆ, ಆವತ್ತು ಸಮೀಕ್ಷೆ ವಾಲಿದ್ದ ಕಡೆಗೇ ನೀವೂ ನಿಂತಿರುತ್ತಿದ್ದಿರಿ.

‘ಅಷ್ಟು ಕೆಳಗೆ ಹೋಗುವ ಮೊದಲೇ ಸ್ಟಾಪ್ ನನ್ನನ್ನು ಹೊರಗೆ ಹಾಕುತ್ತಿತ್ತಲ್ಲ’ ಅಂತೀರಿ. ಹಾಕುತ್ತಿತ್ತು, ನಿಜ. ಯಾವ ಬೆಲೆಗೆ ಅನ್ನೋದೇ ಕಷ್ಟ. ಸ್ಟಾಪ್ ಲಾಸ್ ಅನ್ನೋದು ‘ಈ ಬೆಲೆ ಮುಟ್ಟಿದರೆ ಸಿಕ್ಕಿದ ಬೆಲೆಗೆ ಮಾರು’ ಅನ್ನುವ ಆರ್ಡರ್. ‘ಈ ಬೆಲೆಗೇ ಮಾರು’ ಅಂತ ಅದರಲ್ಲಿ ಎಲ್ಲೂ ಇಲ್ಲ. ಮಾಮೂಲಿ ದಿನ ಎರಡಕ್ಕೂ ಒಂದು ಪಿಪ್ ವ್ಯತ್ಯಾಸ ಬಂದರೆ ಜಾಸ್ತಿ, ಹಾಗಾಗಿ ನಮಗೆ ಅದು ಮರೆತೇ ಹೋಗಿರುತ್ತದೆ. ಫಲಿತಾಂಶ ಬರುವ ನಿಮಿಷದಲ್ಲಿ ಬ್ಯಾಂಕುಗಳು ತಮ್ಮ ದರಗಳನ್ನು ಪರದೆಯಿಂದ ಹಿಂದಕ್ಕೆ ತೆಗೆದುಕೊಳ್ಳುತ್ತವೆ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರದಲ್ಲಿ (ಅದೇ ಸ್ಪ್ರೆಡ್) ದೊಡ್ಡ ಹಳ್ಳ ಬೀಳುತ್ತದೆ. ನಿಮ್ಮ ಸ್ಟಾಪ್ ಆ ಹಳ್ಳದ ತಳದಲ್ಲಿ ಹೋಗಿ ತುಂಬುತ್ತದೆ, ಅಂದರೆ ಅಲ್ಲಿ ಸಿಕ್ಕಿದ ಬೆಲೆಗೆ ಮಾರಾಟ ಆಗುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ. 2015ರ ಜನವರಿಯಲ್ಲಿ ನಾನು ಬೇರೆ ಕೆಲಸದಲ್ಲಿದ್ದೆ, ಬಿಡುವಿನಲ್ಲಿ ನಿಮ್ಮ ಹಾಗೆಯೇ ಟ್ರೇಡ್ ಮಾಡುತ್ತಿದ್ದೆ. ಒಂದು ಯೂರೋ 1.20 ಫ್ರಾಂಕ್‌ಗಿಂತ ಕೆಳಗೆ ಹೋಗಲು ಬಿಡುವುದಿಲ್ಲ ಅಂತ ಸ್ವಿಸ್ ನ್ಯಾಷನಲ್ ಬ್ಯಾಂಕ್ 2011ರಿಂದ ಹೇಳಿಕೊಂಡು ಬಂದಿತ್ತು. ಅದನ್ನು ನಂಬಿ 1.2010ಕ್ಕೆ 20,000 ಯೂರೋ ಕೊಂಡಿದ್ದೆ. ಸ್ಟಾಪ್ 1.1950. ತಪ್ಪಿದರೆ 120 ಫ್ರಾಂಕ್ ಹೋಗಲಿ ಅನ್ನುವ ಧೈರ್ಯ. 15ನೇ ತಾರೀಖು ಬ್ಯಾಂಕು ಆ ಮಾತನ್ನು ಕೈಬಿಟ್ಟಿತು. ನನ್ನ ಸ್ಟಾಪ್ ತುಂಬಿದ್ದು 1.0300ರಲ್ಲಿ. ನಷ್ಟ 3,420 ಫ್ರಾಂಕ್. ಬ್ರೋಕರ್‌ಗೆ ಫೋನ್ ಮಾಡಿ ಜಗಳ ಆಡಿದೆ. ಒಪ್ಪಂದದ ಯಾವುದೋ ಪುಟದಲ್ಲಿ ನಾನು ಸಹಿ ಹಾಕಿದ್ದ ಸಾಲನ್ನೇ ಆತ ಶಾಂತವಾಗಿ ಓದಿ ಹೇಳಿದ. ನನ್ನ ಪುಣ್ಯ, ಖಾತೆಯಲ್ಲಿ ಅಷ್ಟು ದುಡ್ಡಿತ್ತು. ಎಷ್ಟೋ ಜನ ಆವತ್ತು ಖಾತೆ ಖಾಲಿಯಾದದ್ದು ಸಾಲದೆ ಬ್ರೋಕರ್‌ಗೇ ಬಾಕಿದಾರರಾದರು. ಅಲ್ಪಾರಿಯ ಬ್ರಿಟನ್ ಘಟಕದಂಥ ಬ್ರೋಕರ್ ಕಂಪನಿಯೇ ದಿವಾಳಿ ಎದ್ದಿತು.

ಫ್ರಾಂಕ್ ಹೊಡೆತ ಹೇಳದೆ ಕೇಳದೆ ಬಂದದ್ದು. ಜನಮತಗಣನೆ ಹಾಗಲ್ಲ, ತಾರೀಖು ಹೇಳಿಯೇ ಬರುತ್ತದೆ. ನಮ್ಮಂಥವರಿಗೆ ಇರುವ ಅನುಕೂಲ ಅದೊಂದೇ. ಅದನ್ನು ಬಿಟ್ಟುಕೊಟ್ಟು, ಯಾರು ಗೆಲ್ಲುತ್ತಾರೆ ಅಂತ ಊಹಿಸುವುದರಲ್ಲಿ ತಲೆ ಕೆಡಿಸಿಕೊಳ್ಳುತ್ತೇವೆ.

ಈಗ ನಿಮ್ಮ ಲೆಕ್ಕವನ್ನು ಉಲ್ಟಾ ಹಾಕೋಣ. ಸ್ಟಾಪ್ ಎಷ್ಟು ದೂರ ಅನ್ನೋದು ಬಿಡಿ. ಬೆಲೆ ಒಂದೇ ಏಟಿಗೆ ಎಷ್ಟು ಹಾರಬಹುದು? ಬ್ರೆಕ್ಸಿಟ್ ನೋಡಿದ ಮೇಲೆ ನಾನು ಶೇ 10 ಅಂತ ಇಟ್ಟುಕೊಳ್ಳುತ್ತೇನೆ. 1.50ಕ್ಕೆ ಅದು 1,500 ಪಿಪ್. ಒಂದು ರಾತ್ರಿಯ ಆಟಕ್ಕೆ ಖಾತೆಯ ಶೇ 2 ಕಳೆದುಕೊಳ್ಳಲು ರೆಡಿ ಇದ್ದೀರಿ ಅನ್ನೋಣ, ಅಂದರೆ 100 ಡಾಲರ್. 1,500 ಪಿಪ್ ಹೋದರೂ 100 ಡಾಲರ್ ಒಳಗೇ ಇರಬೇಕು ಅಂದರೆ ನೀವು ಹಿಡಿಯಬಹುದಾದದ್ದು ಸುಮಾರು 670 ಪೌಂಡ್. ಒಂದು ಮೈಕ್ರೋ ಲಾಟೇ 1,000 ಪೌಂಡ್. ಅದೇ ಸ್ವಲ್ಪ ಜಾಸ್ತಿ ಆಯಿತು, ನೀವು ಕೇಳಿದ್ದು ಅದರ ನೂರು ಪಟ್ಟು.

ಮಾರ್ಜಿನ್ ಕಡೆಗೂ, ಅಂದರೆ ಪೊಸಿಷನ್ ಹಿಡಿದಿರಲು ಖಾತೆಯಲ್ಲಿ ಇಡಬೇಕಾದ ಹಣದ ಕಡೆಗೂ ಒಂದು ಕಣ್ಣಿರಲಿ. ಇಂಥ ಮತದಾನದ ಹಿಂದಿನ ದಿನಗಳಲ್ಲಿ ಬ್ರೋಕರ್‌ಗಳು ಮಾರ್ಜಿನ್ ಏರಿಸುತ್ತಾರೆ, 2016ರಲ್ಲೂ ಏರಿಸಿದ್ದರು. 10,000 ಪೌಂಡ್‌ನ ಮಿನಿ ಲಾಟ್‌ಗೆ 30 ಪಟ್ಟು ಲಿವರೇಜ್‌ನಲ್ಲಿ (ಇಟ್ಟ ಹಣದ 30 ಪಟ್ಟು ವ್ಯವಹಾರ) 500 ಡಾಲರ್ ಸಾಕಾಗುತ್ತಿತ್ತು ಅನ್ನಿ. ಮಾರ್ಜಿನ್ ಶೇ 10 ಮಾಡಿದರೆ ಅದೇ ಪೊಸಿಷನ್‌ಗೆ 1,500 ಬೇಕು. ಬೆಲೆ ಅಲ್ಲಾಡದೆಯೂ ನೀವು ಹೊರಗೆ ಬೀಳಬಹುದು. ಆ ಇಮೇಲ್‌ಗಳನ್ನು ಯಾರೂ ಓದುವುದಿಲ್ಲ. ಓದಿ. ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ನಷ್ಟವನ್ನು ಸಣ್ಣ ಗ್ರಾಹಕರ ಮೇಲೆ ಹೊರಿಸುವಂತಿಲ್ಲ ಅನ್ನೋ ನಿಯಮ ಯುರೋಪಿನಲ್ಲಿ 2018ರಲ್ಲಿ ಬಂತು. ನಿಮ್ಮ ಒಪ್ಪಂದದಲ್ಲಿ ಆ ರಕ್ಷಣೆ ಇದೆಯಾ? ಇಲ್ಲ ಅಂದರೆ ಮೈಕ್ರೋ ಲಾಟ್ ಕೂಡ ಬೇಡ. ಹಾಕಿದ ಬೆಲೆಗೇ ಖಾತ್ರಿ ಕೊಡುವ ಸ್ಟಾಪ್ ಕೂಡ ಕೆಲವು ಕಡೆ ಸಿಗುತ್ತದೆ, ಅದಕ್ಕೆ ಬೇರೆ ಶುಲ್ಕ. ಬೇಕಾದರೆ ಮೊದಲೇ ವಿಚಾರಿಸಿ. ಎಲ್ಲರೂ ಕೇಳಲು ಶುರು ಮಾಡಿದ ಮೇಲೆ ಅದು ಸಿಗುವುದು ಕಷ್ಟ.

ಆ ರಾತ್ರಿ ನನ್ನ ಕೀಬೋರ್ಡ್ ಪಕ್ಕ ಒಂದು ಹಳದಿ ಚೀಟಿ ಅಂಟಿಸಿಕೊಂಡಿದ್ದೆ. ಸಂಜೆ 6ಕ್ಕೇ ಬರೆದದ್ದು. ‘ಸ್ವಂತ ಪೊಸಿಷನ್ ಇಲ್ಲ. ಸ್ಪ್ರೆಡ್ 5 ಪಿಪ್ ಒಳಗೆ ಬರುವ ತನಕ ಹೊಸದು ಬೇಡ.’ ರಾತ್ರಿ ಎರಡು ಗಂಟೆಗೆ ಕೈ ತುರಿಸಿದ್ದು ನಿಜ, ಪೌಂಡ್ ಎಷ್ಟು ಅಗ್ಗ ಅನಿಸುತ್ತಿತ್ತು! ಸ್ಪ್ರೆಡ್ ನೋಡಿದೆ, ಹತ್ತಾರು ಪಿಪ್ ಇತ್ತು. ಚೀಟಿ ನೋಡಿದೆ. ಸುಮ್ನೆ ಕೂತೆ. ಆ ಹೊತ್ತಿನಲ್ಲಿ ಕೊಂಡಿದ್ದರೆ ಬೆಳಿಗ್ಗೆಗೆ ಇನ್ನೊಂದು ಫ್ರಾಂಕ್ ಕಥೆ ಆಗಿರುತ್ತಿತ್ತು.

ಪ್ರಶ್ನೆ: ನಾನು ಒಂದೇ ಬುಟ್ಟಿಯಲ್ಲಿ ಎಲ್ಲಾ ಇಡುವುದಿಲ್ಲ. ಪೌಂಡ್–ಡಾಲರ್, ಪೌಂಡ್–ಯೆನ್, ಯೂರೋ–ಪೌಂಡ್ ಅಂತ ಮೂರು ಕಡೆ ಹಂಚುತ್ತೇನೆ. ರಿಸ್ಕ್ ಕಡಿಮೆ ಆಗುತ್ತದಲ್ಲವೇ?

ಉತ್ತರ: ಬುಟ್ಟಿ ಮೂರು, ಹೊತ್ತವನು ಒಬ್ಬನೇ. ಅವನು ಎಡವಿದರೆ? ಮೂರರಲ್ಲೂ ಪೌಂಡ್ ಏರಲಿ ಅಂತಲೇ ನಿಂತಿದ್ದರೆ ಅದು ಮೂರು ಪಟ್ಟು ದೊಡ್ಡದಾದ ಒಂದೇ ಬಾಜಿ. ಯೆನ್ ವಿಷಯ ಇನ್ನೂ ಕೆಟ್ಟದ್ದು. ಹೆದರಿಕೆ ಹುಟ್ಟಿದಾಗ ದುಡ್ಡು ಯೆನ್ ಕಡೆ ಓಡುವ ರೂಢಿ ಇತ್ತು. ಬ್ರೆಕ್ಸಿಟ್ ರಾತ್ರಿ ಡಾಲರ್ ಕೂಡ 100 ಯೆನ್‌ಗಿಂತ ಕೆಳಗೆ ಹೋಗಿ ಬಂತು. ಪೌಂಡ್ ಸುಮಾರು 160 ಯೆನ್‌ನಿಂದ 133ರ ಹತ್ತಿರ ಬಿತ್ತು. ಡಾಲರ್ ಎದುರು ಕಳೆದುಕೊಂಡದ್ದಕ್ಕಿಂತ ಅದೇ ಜಾಸ್ತಿ.

ಪ್ರಶ್ನೆ: ಮತದಾನ ಭಾನುವಾರ ಇದ್ದರೆ? ಮಾರುಕಟ್ಟೆ ಮುಚ್ಚಿರುತ್ತದೆ, ಹಾಗಾಗಿ ಗಲಾಟೆ ಕಡಿಮೆ ಅಂತ ಒಬ್ಬರು ಹೇಳಿದರು.

ಉತ್ತರ: ಗಲಾಟೆ ಎಲ್ಲೂ ಹೋಗುವುದಿಲ್ಲ, ಸೋಮವಾರದ ಮೊದಲ ನಿಮಿಷಕ್ಕೆ ಬಂದು ಕೂರುತ್ತದೆ. ಬ್ರಿಟನ್ನಿನಲ್ಲಿ ಗುರುವಾರ ಮತ ಹಾಕುವುದರಿಂದ ಆ ರಾತ್ರಿ ಕೊನೇಪಕ್ಷ ಬೆಲೆಯಾದರೂ ಕಾಣುತ್ತಿತ್ತು. ಗ್ರೀಸ್ 2015ರ ಜುಲೈ 5ಕ್ಕೆ, ಇಟಲಿ 2016ರ ಡಿಸೆಂಬರ್ 4ಕ್ಕೆ ಮತ ಹಾಕಿದ್ದು ಭಾನುವಾರ. ಶುಕ್ರವಾರ ಸಂಜೆ ಒಳಗೆ ಉಳಿದವರಿಗೆ ಸೋಮವಾರದ ತನಕ ಬಾಗಿಲಿಲ್ಲ.

ಇಟಲಿಯದ್ದು ನೋಡುವಂಥದ್ದು. ಸಂವಿಧಾನ ತಿದ್ದುಪಡಿಯನ್ನು ಜನ ಸುಮಾರು ಶೇ 59ರಷ್ಟು ಮತದಿಂದ ಬೇಡ ಅಂದರು. ಪ್ರಧಾನಿ ಮಟ್ಟೆಯೊ ರೆಂಜಿ ರಾಜೀನಾಮೆ ಕೊಡುವುದಾಗಿ ಹೇಳಿದರು. ಏಷ್ಯಾದಲ್ಲಿ ಮಾರುಕಟ್ಟೆ ತೆರೆದ ಸ್ವಲ್ಪ ಹೊತ್ತಿಗೇ ಯೂರೋ 1.05 ಡಾಲರ್ ಹತ್ತಿರ ಬಿತ್ತು. ಅದೇ ದಿನ ತಿರುಗಿ 1.07 ದಾಟಿತು! ಫಲಿತಾಂಶವನ್ನು ಸರಿಯಾಗಿ ಊಹಿಸಿ, ಬಿದ್ದ ಮೇಲೆ ಯೂರೋ ಮಾರಿದವರು ಸಂಜೆಗೆ ನಷ್ಟದಲ್ಲಿದ್ದರು. ಎಲ್ಲರೂ ಮೊದಲೇ ಹೆದರಿ ಮಾರಿಯಾಗಿದ್ದರೆ ಕೆಟ್ಟ ಸುದ್ದಿ ಬಂದಾಗ ಮಾರಲು ಯಾರು ಉಳಿದಿರುತ್ತಾರೆ ಹೇಳಿ.

ಪ್ರಶ್ನೆ: ಯಾವ ಕಡೆ ಹೋದರೂ ಲಾಭ ಬರುವ ಹಾಗೆ ಏರುವ ಆಪ್ಷನ್, ಇಳಿಯುವ ಆಪ್ಷನ್ ಎರಡನ್ನೂ ಕೊಂಡರೆ ಹೇಗೆ?

ಉತ್ತರ: ಅದು ಎಲ್ಲರಿಗೂ ಹೊಳೆಯುವ ಉಪಾಯ, ಅದಕ್ಕೇ ದುಬಾರಿ. ಆಪ್ಷನ್ ಅಂದರೆ ಮುಂದೆ ಗೊತ್ತಾದ ದರಕ್ಕೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು, ಅದಕ್ಕೆ ಕಟ್ಟುವ ಬೆಲೆ ಪ್ರೀಮಿಯಂ. ನಷ್ಟ ಕಟ್ಟಿದ ಪ್ರೀಮಿಯಂ ಮಟ್ಟಕ್ಕೆ ನಿಲ್ಲುತ್ತದೆ ಅನ್ನೋದು ದೊಡ್ಡ ಗುಣ, ಸ್ಟಾಪ್ ಲಾಸ್‌ಗೆ ಆ ಗುಣ ಇಲ್ಲ. ಆದರೆ ಬ್ರೆಕ್ಸಿಟ್‌ಗೆ ಮುಂಚೆ ಪೌಂಡ್ ಆಪ್ಷನ್‌ಗಳಲ್ಲಿ ಲೆಕ್ಕಕ್ಕೆ ಹಿಡಿದಿದ್ದ ಏರಿಳಿತ 2008ರ ಬಿಕ್ಕಟ್ಟಿನ ಮಟ್ಟವನ್ನೂ ದಾಟಿತ್ತು. ಆ ಬೆಲೆ ಕೊಟ್ಟು ಕೊಂಡ ಮೇಲೆ ಸ್ಕಾಟ್ಲೆಂಡ್ ಥರ ಆದರೆ? 2014ರ ಸೆಪ್ಟೆಂಬರ್ 18ರಂದು ಶೇ 55ಕ್ಕೂ ಜಾಸ್ತಿ ಜನ ಬ್ರಿಟನ್ನಿನಲ್ಲೇ ಇರೋಣ ಅಂದರು. ಪೌಂಡ್ ಒಂದಿಷ್ಟು ಏರಿ ತಣ್ಣಗಾಯಿತು. ಎರಡೂ ಕಡೆ ಪ್ರೀಮಿಯಂ ಕಟ್ಟಿದವರಿಗೆ ಅದು ಸಾಲದು. ಕೊಳ್ಳುವುದಾದರೆ ತಿಂಗಳುಗಟ್ಟಲೆ ಮೊದಲು, ಯಾರೂ ಆ ಬಗ್ಗೆ ಮಾತಾಡದ ಹೊತ್ತಿನಲ್ಲಿ ಕೊಳ್ಳಿ. ಇನ್ನು ಮೇಲೊಂದು ಕೆಳಗೊಂದು ಆರ್ಡರ್ ಹಾಕಿ ಕಾಯುವ ಅಗ್ಗದ ದಾರಿ ಇದೆಯಲ್ಲ, ಅದನ್ನು ಮುಟ್ಟಲೇಬೇಡಿ. ನ್ಯೂಕಾಸಲ್, ಸಂಡರ್‌ಲ್ಯಾಂಡ್ ನಡುವಿನ ಆ ಸ್ವಲ್ಪ ಹೊತ್ತಿನಲ್ಲೇ ಎರಡೂ ತುಂಬಿ ಎರಡರಲ್ಲೂ ಸೋಲಬಹುದು.

ಪ್ರಶ್ನೆ: ನಾನು ಟ್ರೇಡರ್ ಅಲ್ಲ. ಲಂಡನ್ನಿನಲ್ಲಿ ಕೆಲಸ, ಸಂಬಳ ಪೌಂಡ್‌ನಲ್ಲಿ. ಮಗಳು ಅಮೆರಿಕದಲ್ಲಿ ಓದುತ್ತಾಳೆ, ವರ್ಷಕ್ಕೆ 20,000 ಡಾಲರ್ ಫೀಸು. 2016ರಲ್ಲಿ ‘ಹೇಗೂ ಉಳಿಯುತ್ತಾರೆ, ಪೌಂಡ್ ಇನ್ನೂ ಏರುತ್ತದೆ’ ಅಂತ ನಮ್ಮ ಮನೆಯವರು ಕಾಯಲು ಹೇಳಿದ್ದರು. ಕಾದು ಕೆಟ್ಟೆವು. ಮುಂದೆ ಇಂಥದ್ದು ಬಂದರೆ ಏನು ಮಾಡಬೇಕು ಸರ್?

ಉತ್ತರ: ಈ ಸಲದ ಎಲ್ಲಾ ಪತ್ರಗಳಲ್ಲಿ ನಿಜವಾದ ರಿಸ್ಕ್ ಇರುವುದು ನಿಮಗೇ ಅಮ್ಮಾ. ಉಳಿದವರು ಆಟಕ್ಕೆ ಇಳಿಯದೆ ಇರಬಹುದು, ನಿಮಗೆ ಆ ಅವಕಾಶ ಇಲ್ಲ. ಫೀಸು ಕಟ್ಟಲೇಬೇಕು. 1.50ರಲ್ಲಿ 20,000 ಡಾಲರ್‌ಗೆ ಸುಮಾರು 13,330 ಪೌಂಡ್. 1.32ರಲ್ಲಿ 15,150. ಒಂದು ರಾತ್ರಿಯಲ್ಲಿ 1,800 ಪೌಂಡ್ ಹೆಚ್ಚಾಯಿತು.

ಮನೆಯವರ ಮೇಲೆ ಬೇಜಾರು ಬೇಡ, ಆವತ್ತು ಬಾಜಿ ಕಟ್ಟುವವರೂ ಡೀಲಿಂಗ್ ರೂಮಿನವರೂ ಅದನ್ನೇ ನಂಬಿದ್ದರು. ಆದರೆ ಕಾಯುವುದೂ ಒಂದು ಬಾಜಿಯೇ. ಮತದಾನಕ್ಕೆ ಮೂರು ತಿಂಗಳಿದೆ ಅನ್ನುವಾಗ ತಿಂಗಳಿಗೆ ಒಂದು ಪಾಲಿನಂತೆ ಡಾಲರ್‌ಗೆ ಬದಲಿಸಿಟ್ಟುಕೊಳ್ಳಿ. ಮತದಾನದ ದಿನದ ಹೊತ್ತಿಗೆ ಆ ವರ್ಷದ ಫೀಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡಾಲರ್ ಆಗಿರಲಿ. ಪೌಂಡ್ ಏರಿದರೆ ಉಳಿದ ಪಾಲಿಗೆ ಒಳ್ಳೆ ದರ ಸಿಗುತ್ತದೆ, ಬಿದ್ದರೆ ದೊಡ್ಡ ಪಾಲು ಈಗಾಗಲೇ ಬಚಾವ್. ಫಲಿತಾಂಶ ಬಂತು, ಇನ್ನು ಭಯ ಇಲ್ಲ ಅಂತಲೂ ಅಂದುಕೊಳ್ಳಬೇಡಿ. ಅದೇ ವರ್ಷ ಅಕ್ಟೋಬರ್ 7ರಂದು, ಲಂಡನ್ನಿನಲ್ಲಿ ಮಧ್ಯರಾತ್ರಿ ದಾಟಿದ ಕೆಲವೇ ನಿಮಿಷಕ್ಕೆ ಪೌಂಡ್ ಸುಮಾರು ಶೇ 9 ಕುಸಿದು, ಅದರಲ್ಲಿ ಬಹುಪಾಲು ಮತ್ತೆ ಮೇಲೆ ಬಂದಿತ್ತು. ಫೀಸಿನ ಗಡುವು ಅಂಥ ಬೆಳಿಗ್ಗೆಯೇ ಬರಬಾರದು ಅಂತೇನಿಲ್ಲವಲ್ಲ.

ಈಗ ಪೂರ್ತಿ ಹಣ ಕೈಯಲ್ಲಿ ಇಲ್ಲ ಅಂದರೆ ಬ್ಯಾಂಕ್ ಅಥವಾ ಹಣ ಕಳಿಸುವ ಸಂಸ್ಥೆಯಲ್ಲಿ ಫಾರ್ವರ್ಡ್ ಬಗ್ಗೆ ಕೇಳಿ. ಇವತ್ತಿನ ಲೆಕ್ಕದ ದರ ನಿಗದಿ ಮಾಡಿಕೊಂಡು ಸೆಪ್ಟೆಂಬರ್‌ನಲ್ಲಿ ಹಣ ಕಟ್ಟುವ ಒಪ್ಪಂದ ಅದು. ಕೇಳುವಾಗ ಎರಡು ವಿಷಯ ಬಿಡಬೇಡಿ. ಠೇವಣಿ ಎಷ್ಟು? ಪೌಂಡ್ ನಿಗದಿಯಾದ ದರಕ್ಕಿಂತ ಮೇಲೆ ಹೋದರೆ ಹೆಚ್ಚುವರಿ ಠೇವಣಿ ಕೇಳುತ್ತಾರಾ, ಕೇಳಿದರೆ ಕಟ್ಟಲು ಎಷ್ಟು ದಿನ ಕೊಡುತ್ತಾರೆ? ಉತ್ತರವನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಇಮೇಲ್‌ನಲ್ಲಿ ತರಿಸಿಕೊಳ್ಳಿ.