ಸಕ್ಕರೆ ಬದಲು ಬೆಲ್ಲ ಹಾಕಿ ಕಾಫಿ ಕುಡಿದರೆ ಮುಂದೆ ಶುಗರ್ ಬರಲ್ವಾ?

ದಿನಕ್ಕೆ ಐದು ಲೋಟ ಕಾಫಿ ಬೇಕೇ ಬೇಕು, ಅಪ್ಪನಿಗೆ ಶುಗರ್ ಇದೆ, ಬೆಲ್ಲಕ್ಕೆ ಬದಲಾದರೆ ಬಚಾವಾಗ್ತೀನಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಆದರೆ ಇದೇ ಬೆಲ್ಲದ ದಾರೀಲಿ ಒಂದು ವರ್ಷ ನಡೆದು ವಾಪಸ್ ಬಂದವನು.

ಬೆಲ್ಲವೂ ಕಬ್ಬಿನ ಹಾಲಿನದ್ದೇ, ಅದರಲ್ಲೂ ಮುಕ್ಕಾಲು ಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ. ಒಂಚೂರು ಖನಿಜಾಂಶ ಉಳಿದಿರುತ್ತೆ ನಿಜ, ಅದರ ಆಸೆಗೆ ಅಚ್ಚುಗಟ್ಟಲೆ ಬೆಲ್ಲ ತಿನ್ನೋಕಾಗುತ್ತಾ? ನಾನು ಎಡವಿದ್ದು ಇನ್ನೊಂದು ಕಡೆ. ‘ಬೆಲ್ಲ ತಾನೇ’ ಅಂತ ಕೈ ಧಾರಾಳವಾಯ್ತು. ರಕ್ತದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಪರೀಕ್ಷೆ, ಎಚ್‌ಬಿಎ1ಸಿ 5.9 ಇದ್ದದ್ದು ವರ್ಷ ಕಳೆಯೋದ್ರಲ್ಲಿ 6.2ಕ್ಕೆ ಬಂತು. 5.7ರಿಂದ 6.4ರವರೆಗೆ ಶುಗರ್ ಕಾಯಿಲೆಯ ಅಂಚಿನ ಮೇಲೆ ನಿಂತಂಗೆ, 6.5 ಆದರೆ ಆಚೆ ಬಿದ್ದಂಗೆ.

ಆವತ್ತು ಮಗಳು ಕೇಕ್ ಮಾಡೋಕೆ ತಂದಿದ್ದ ಪುಟ್ಟ ತಕ್ಕಡಿ ಮೇಲೆ ಬೆಲ್ಲದ ಪುಡಿ ಸುರಿದು ನೋಡಿದೆ. ಚಮಚ ಅಂದರೆ ನಮ್ಮನೇಲಿ ಗೋಪುರ ಕಟ್ಟಿದ ಚಮಚ: 7 ಗ್ರಾಂ ತೂಗಿತು. ಲೋಟಕ್ಕೆ ಎರಡು, ದಿನಕ್ಕೆ ಐದು ಲೋಟ, ಒಟ್ಟು 70 ಗ್ರಾಂ. ತಿಂಗಳಿಗೆ ಎರಡು ಕೆಜಿ ಮೇಲೆ, ನನ್ನೊಬ್ಬನಿಗೆ, ಬರೀ ಕಾಫಿಗೆ! ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2000 ಕ್ಯಾಲೊರಿ ತಿನ್ನೋರಿಗೆ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೇದು. ಬೆಲ್ಲ, ಜೇನುತುಪ್ಪ, ಹಣ್ಣಿನ ಜ್ಯೂಸೂ ಅದರಲ್ಲೇ ಬಂತು. ಯುಗಾದಿಗೆ ಎರಡನೇ ಹೋಳಿಗೆ ಬೇಡ ಅಂತ ತಟ್ಟೆಗೆ ಕೈ ಅಡ್ಡ ಹಿಡಿದವನು ನಾನು.

ಒಂದೇ ಸಲ ಬಿಡೋಕೆ ಹೋಗಬೇಡಿ, ನಾಲ್ಕನೇ ದಿನಕ್ಕೆ ಡಬ್ಬಿ ಹುಡುಕ್ತೀರಿ. ಮೊದಲು ಗೋಪುರ ತೆಗೆದು ಚಮಚ ಮಟ್ಟಸ ಮಾಡಿದೆ. ಆಮೇಲೆ ಹದಿನೈದು ದಿನಕ್ಕೊಮ್ಮೆ ಕಾಲು ಚಮಚ ಇಳಿಸಿದೆ. ನಾಲಿಗೆ ಒಗ್ಗಿಕೊಳ್ಳುತ್ತೆ. ಈಗ ಅರ್ಧ ಚಮಚ, ಮೂರು ಲೋಟ. ದರ್ಶಿನಿಗಳಲ್ಲಿ ‘ಸಕ್ಕರೆ ಕಮ್ಮಿ’ ಅಂದರೆ ಅವರ ಕಮ್ಮಿ ಬರುತ್ತೆ, ‘ಸಕ್ಕರೆ ಬೇರೆ ಕೊಡಿ’ ಅನ್ನಿ. ಕಾಫಿ ಜೊತೆ ಅದ್ದಿಕೊಂಡು ತಿನ್ನೋ ರಸ್ಕನ್ನೂ ಲೆಕ್ಕಕ್ಕೆ ತಗೊಳ್ಳಿ, ಅದು ಮೈದಾ ಮತ್ತು ಸಕ್ಕರೆ. ಆರು ತಿಂಗಳಿಗೆ ನನ್ನದು 5.8 ಆಯ್ತು. ಎಲ್ಲಾ ಕಾಫಿಯ ಪುಣ್ಯ ಅನ್ನಲ್ಲ, ರಾತ್ರಿ ಅನ್ನ ಅರ್ಧ ಮಾಡಿದ್ದೆ, ಕೆರೆ ಸುತ್ತ ನಡೀತಿದ್ದೆ.

ಇನ್ನೊಂದು, ನೀವು ಕೇಳದೇ ಇದ್ದರೂ. ಊಟ ಆದ ತಕ್ಷಣ ಕಾಫಿ ಕುಡಿಯೋ ಅಭ್ಯಾಸ ಇದ್ದರೆ ಒಂದು ಗಂಟೆಯಾದರೂ ಮುಂದಕ್ಕೆ ಹಾಕಿ. ಸೊಪ್ಪು, ಕಾಳಿನಲ್ಲಿರೋ ಕಬ್ಬಿಣದಂಶ ಮೈಗೆ ಹತ್ತೋದನ್ನ ಕಾಫಿ, ಟೀ ತಡೆಯುತ್ತವೆ. ಕೋಸಂಬರಿಗೆ ಹಿಂಡಿದ ನಿಂಬೆಹುಳಿ ಅದಕ್ಕೆ ಉಲ್ಟಾ ಕೆಲಸ ಮಾಡುತ್ತೆ. ನನ್ನ ಹೆಂಡತಿಗೆ ಹಿಮೋಗ್ಲೋಬಿನ್ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರು, ಅವಳೋ ಮಾತ್ರೆ ನುಂಗಿದ ಹಿಂದೆಯೇ ಕಾಫಿ ಕುಡೀತಿದ್ದಳು.

ಬೆಲ್ಲದ ರುಚಿ ಇಷ್ಟ ಅನ್ನೋದಾದರೆ ಹಾಕಿಕೊಳ್ಳಿ, ಸಕ್ಕರೆಯಂತೆಯೇ ಎಣಿಸಿ, ಹಾಲು ಒಡೆಯದ ಹಾಗೆ ಕೊನೆಗೆ ಹಾಕಿ. ಅಪ್ಪನಿಗೆ ಇದೆ ಅಂದ ಮೇಲೆ ನೀವೂ ಒಮ್ಮೆ ಎಚ್‌ಬಿಎ1ಸಿ ಮಾಡಿಸಿಕೊಳ್ಳಿ. ಅದಕ್ಕೆ ಬರಿಹೊಟ್ಟೆಯಲ್ಲಿ ಇರಬೇಕಿಲ್ಲ, ಬೆಳಗಿನ ಕಾಫಿ ಕುಡಿದೇ ಹೋಗಬಹುದು.