ಕಥೆ ಮಧ್ಯಕ್ಕೆ ಬಂದಾಗ ಯಾಕೆ ಎಳೆದಾಡತ್ತೆ?

ಶುರು ಚೆನ್ನಾಗಿ ಬರತ್ತೆ, ಕೊನೆ ಏನು ಅಂತಾನೂ ಗೊತ್ತಿರತ್ತೆ, ಮಧ್ಯದಲ್ಲಿ ಮಾತ್ರ ಸಪ್ಪೆಯಾಗತ್ತೆ, ಲೇಖನ ಬರೆದ್ರೂ ಇದೇ ಗೋಳು ಅಂತ ಕೇಳಿದ್ದೀರಿ. ಘಟನೆಗಳು ಕಮ್ಮಿ ಆಗಿ ಹೀಗಾಗೋದು ಅಪರೂಪ. ನಾನು ಓದಿರೋ ಹೊಸಬರ ಕಥೆಗಳಲ್ಲಿ ಘಟನೆಗಳು ಬೇಕಾದಷ್ಟಿರತ್ತೆ, ಒಂದಕ್ಕೊಂದು ಸಂಬಂಧ ಇರಲ್ಲ ಅಷ್ಟೇ. ಅರಿಸ್ಟಾಟಲ್ ಎರಡು ಸಾವಿರ ವರ್ಷಕ್ಕೂ ಹಿಂದೇನೇ ಹೇಳಿಬಿಟ್ಟಿದ್ದಾನೆ, ಒಂದಾದ ಮೇಲೆ ಒಂದು ಆಗೋದು ಬೇರೆ, ಒಂದರಿಂದ ಇನ್ನೊಂದು ಆಗೋದು ಬೇರೆ ಅಂತ.

ಒಂದು ಉದಾಹರಣೆ ನೋಡಿ. ಅಪ್ಪ ತೀರಿಹೋದ ಮೇಲೆ ಮಗಳು ಮನೆ ಮಾರೋಕೆ ಬರ್ತಾಳೆ, ಆಮೇಲೆ ಪಕ್ಕದ ಮನೆಯವರು ಮಾತಾಡಿಸ್ತಾರೆ, ಆಮೇಲೆ ಹಳೇ ಗೆಳತಿ ಸಿಗ್ತಾಳೆ, ಆಮೇಲೆ ತನ್ನ ಓದಿಗೋಸ್ಕರ ಅಪ್ಪ ಈ ಮನೇನೇ ಅಡ ಇಟ್ಟಿದ್ರು ಅಂತ ಗೊತ್ತಾಗತ್ತೆ. ಇಲ್ಲಿ ಪಕ್ಕದ ಮನೆಯವರನ್ನ, ಗೆಳತೀನ ಕಿತ್ತು ಹಾಕಿದ್ರೂ ಏನೂ ಕೆಡಲ್ಲ. ಈಗ ಹೀಗೆ ಮಾಡಿ: ಕೊಳ್ಳೋರು ಮನೆಯ ಮೂಲ ಪತ್ರ ಕೇಳ್ತಾರೆ, ಅದಕ್ಕೇ ಅವಳು ಅಪ್ಪನ ಟ್ರಂಕ್ ತೆಗೀತಾಳೆ, ಆದ್ರೆ ಪತ್ರ ಅಲ್ಲಿಲ್ಲ, ಅದಕ್ಕೇ ಪಕ್ಕದ ಮನೆಗೆ ಹೋಗಿ ವಿಚಾರಿಸ್ತಾಳೆ, ಆದ್ರೆ ಅವರು ಯಾಕೋ ಮಾತು ಮರೆಸ್ತಾರೆ. ಅದೇ ಪಕ್ಕದ ಮನೆಯವರು, ಈಗ ಅವರನ್ನ ತೆಗೆಯೋಕಾಗಲ್ಲ. ಗೆಳತಿಗೆ ಕಥೆಯೊಳಗೆ ಇನ್ನೂ ಏನೂ ಕೆಲಸ ಸಿಕ್ಕಿಲ್ಲ, ಹಾಗಾಗಿ ಅವಳು ಎಷ್ಟೇ ಚೆನ್ನಾಗಿ ಬಂದಿದ್ರೂ ಹೊರಗೆ.

ನೀವೂ ಪ್ರತಿ ದೃಶ್ಯಕ್ಕೆ ಒಂದೊಂದೇ ಸಾಲು ಬರ್ಕೊಂಡು ನಡುವೆ ‘ಅದಕ್ಕೇ’ ಅಥವಾ ‘ಆದ್ರೆ’ ಅನ್ನೋ ಪದ ಕೂರತ್ತಾ ಅಂತ ನೋಡಿ. ಮೊದಲೇ ಪ್ಲ್ಯಾನ್ ಮಾಡೋ ಅಭ್ಯಾಸ ಇಲ್ದಿದ್ರೆ ಮೊದಲ ಡ್ರಾಫ್ಟ್ ಮನಸ್ಸಿಗೆ ಬಂದಂಗೆ ಬರೆದು ಮುಗಿಸಿ ಆಮೇಲೆ ಮಾಡಿದ್ರೂ ನಡೆಯತ್ತೆ, ನಾನು ಹಾಗೇ ಮಾಡೋದು.

ಇನ್ನೊಂದು ವಿಷ್ಯ, ಓದುಗನಿಗೆ ಯಾವಾಗ ಏನು ಗೊತ್ತಾಗಬೇಕು ಅನ್ನೋದು. ಅಪ್ಪ ಅಡ ಇಟ್ಟಿದ್ದನ್ನ ಮೊದಲ ಪುಟದಲ್ಲೇ ಹೇಳಿದ್ರೆ, ಮಗಳಿಗೆ ಯಾವಾಗ ಗೊತ್ತಾಗತ್ತೋ ಅಂತ ಓದುಗ ಕಾಯ್ತಾನೆ. ಮುಚ್ಚಿಟ್ರೆ ಅವಳ ಜೊತೆ ತಾನೂ ಹುಡುಕ್ತಾನೆ. ನಂಗೆ ಮೊದಲನೇದೇ ಇಷ್ಟ, ಗುಟ್ಟು ಒಂದು ಸಲ ಬಯಲಾದ್ರೆ ಮುಗೀತು, ಕಾಯೋದು ಮಾತ್ರ ಪ್ರತಿ ದೃಶ್ಯದಲ್ಲೂ ಬೆಳೀತಾ ಹೋಗತ್ತೆ. ಅರ್ಧ ಸುಳಿವು ಕೊಟ್ಟು ಅರ್ಧ ಮುಚ್ಚಿಟ್ರೆ ಮಾತ್ರ ಎರಡೂ ಸಿಗಲ್ಲ.

ಮಧ್ಯ ಭಾಗಕ್ಕೆ ನಾಟ್ಯಶಾಸ್ತ್ರದ ಐದು ಸಂಧಿಗಳನ್ನ, ಅಂದ್ರೆ ನಾಟಕದ ಕಥೆ ಸಾಗೋ ಐದು ಹಂತಗಳನ್ನ, ಒಂದ್ಸಲ ನೋಡಿ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ನಡುವಿನ ಗರ್ಭಸಂಧಿಯಲ್ಲಿ ಬೇಕಾದ್ದು ಸಿಕ್ಕಂಗೆ ಆಗತ್ತೆ, ಕೈತಪ್ಪತ್ತೆ, ಮತ್ತೆ ಹುಡುಕಾಟ ಶುರುವಾಗತ್ತೆ. ನಿಮ್ಮ ಕಥೆಯ ಮಧ್ಯದಲ್ಲಿ ಏನಾದ್ರೂ ಸಿಕ್ಕಿ ಕೈತಪ್ಪುತ್ತಾ? 1863ರಲ್ಲಿ ಜರ್ಮನ್ ಲೇಖಕ ಫ್ರೈಟಾಗ್ ಬರೆದ ಪಿರಮಿಡ್, ಅಂದ್ರೆ ಕಥೆ ಮೇಲೇರಿ ತುದಿ ಮುಟ್ಟಿ ಇಳಿಯೋ ಚಿತ್ರ, ಅದನ್ನ ಕೂಡ ಎಲ್ಲರೂ ತೋರಿಸ್ತಾರೆ, ಆದ್ರೆ ಅವನು ಅದನ್ನ ಹೇಳಿದ್ದು ಐದಂಕದ ನಾಟಕಕ್ಕೆ. ನಾಲ್ಕು ಪುಟದ ಸಣ್ಣಕಥೇನ ಅದರೊಳಗೆ ತುರುಕೋ ಅಗತ್ಯ ಇಲ್ಲ.

ಲೇಖನಕ್ಕೆ ಬಂದ್ರೆ, ಪ್ರತಿ ಪ್ಯಾರಾದ ಮೊದಲ ವಾಕ್ಯ ಮಾತ್ರ ಓದ್ತಾ ಹೋಗಿ, ವಾದ ಅರ್ಥ ಆಗ್ಬೇಕು. ಆಮೇಲೆ ಎರಡು ಪ್ಯಾರಾಗಳನ್ನ ಅದಲು ಬದಲು ಮಾಡಿ ನೋಡಿ, ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಅಲ್ಲಿ ಬರೀ ಪಟ್ಟಿ ಇದೆ, ವಾದ ಇಲ್ಲ. ಸುದ್ದಿಯಲ್ಲಿ ಮುಖ್ಯವಾದ್ದನ್ನ ಮೊದಲೇ ಹೇಳ್ತಾರೆ, ಜಾಗ ಸಾಲದಿದ್ರೆ ಕೆಳಗಿಂದ ಕತ್ತರಿಸೋಕೆ ಅನುಕೂಲ ಅಂತ, ಆದ್ರೆ ಲೇಖನದಲ್ಲಿ ಹಾಗೆ ಮಾಡಿದ್ರೆ ಓದುಗನೂ ಅರ್ಧಕ್ಕೇ ಎದ್ದು ಹೋಗ್ತಾನೆ.

ಈಗ ನಿಂತಿರೋ ಕಥೆಗೆ ಮೊದಲು ಮಧ್ಯದ ದೃಶ್ಯಗಳ ಸಾಲು ಮಾತ್ರ ಬರ್ಕೊಳ್ಳಿ, ಶುರು ಮತ್ತೆ ಕೊನೇನ ಸದ್ಯಕ್ಕೆ ಮುಟ್ಟಬೇಡಿ.