ಆ ಒಂದು ಎಪಿಸೋಡ್‌ನಿಂದ ‘ದ ವೆಸ್ಟ್ ವಿಂಗ್’ ಅಳೆಯಬಹುದಾ?

ಅಮೆರಿಕ ಅಧ್ಯಕ್ಷರ ಕಚೇರಿಯ ಸಿಬ್ಬಂದಿಯ ಕಥೆ ಹೇಳುವ ಟಿವಿ ಧಾರಾವಾಹಿ ‘ದ ವೆಸ್ಟ್ ವಿಂಗ್’ನ ‘ಐಸಾಕ್ ಅಂಡ್ ಇಷ್ಮಾಯೆಲ್’ ಎಪಿಸೋಡ್ ಪಾಠ ಕೇಳಿದ ಹಾಗಿತ್ತು, ಕಥೆ ಮುಂದೆ ಹೋಗಲೇ ಇಲ್ಲ ಅಂದಿದ್ದೀರಿ. ಅದು ಮುಖ್ಯ ಕಥೆಗೆ ಸೇರಿದ್ದೇ ಅಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅವಸರದಲ್ಲಿ ತಯಾರಿಸಿ, ಅಕ್ಟೋಬರ್ 3ರಂದು ತೋರಿಸಿದ ವಿಶೇಷ ಎಪಿಸೋಡ್. ಶುರುವಿನಲ್ಲಿ ನಟರೇ ಬಂದು ಇದನ್ನು ಹೇಳುತ್ತಾರೆ. ಆ ಭಾಗ ನಿಮಗೆ ತಪ್ಪಿಹೋಗಿರಬಹುದು.

ವಿಮರ್ಶೆ ಬರೆಯುವ ಮೊದಲು ಇನ್ನೊಮ್ಮೆ ನೋಡಿ. ಅಧ್ಯಕ್ಷರ ಸಿಬ್ಬಂದಿಯಲ್ಲೊಬ್ಬನಾದ ಜಾಶ್ ವಿದ್ಯಾರ್ಥಿಗಳಿಗೆ ಉತ್ತರ ಕೊಡುವ ದೃಶ್ಯಗಳನ್ನೂ ಸಿಬ್ಬಂದಿ ಮುಖ್ಯಸ್ಥ ಲಿಯೋ ಕೂತಿರುವ ವಿಚಾರಣೆಯ ದೃಶ್ಯಗಳನ್ನೂ ಬೇರೆ ಬೇರೆ ಗುರುತು ಹಾಕಿಕೊಳ್ಳಿ. ಮೊದಲನೆಯದರಲ್ಲಿ ಮಾತೇ ಜಾಸ್ತಿ, ಅಲ್ಲಿ ನಿಮ್ಮ ದೂರು ಸರಿ. ಎರಡನೆಯದು ಹಾಗಲ್ಲ. ಶಂಕಿತ ಭಯೋತ್ಪಾದಕನ ಹೆಸರಿಗೆ ಹೆಸರು ಹೊಂದಿತು ಅಂತ ಅರಬ್ ಮೂಲದ ನೌಕರನನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ. ಕೊನೆಗೆ ಲಿಯೋ ಅವನ ಹತ್ತಿರ ಬರುತ್ತಾನೆ. ನೇರವಾಗಿ ಕ್ಷಮೆ ಕೇಳಲು ಬಾಯಿ ಬರುವುದಿಲ್ಲ. ಮತ್ತೆ ಕೆಲಸಕ್ಕೆ ಕೂತಿದ್ದಕ್ಕೆ ಒಂದು ಮೆಚ್ಚುಗೆಯ ಮಾತು ಹೇಳಿ ಹೋಗುತ್ತಾನೆ. ನನ್ನ ಮನಸ್ಸಿಗೆ ತಟ್ಟಿದ್ದು ಅದೇ.

ಆಮೇಲೆ ಮೊದಲ ಸೀಸನ್‌ನ 10ನೇ ಎಪಿಸೋಡ್ ‘ಇನ್ ಎಕ್ಸೆಲ್ಸಿಸ್ ಡಿಯೋ’ ನೋಡಿ. ಮನೆಯಿಲ್ಲದ ಮಾಜಿ ಸೈನಿಕನ ಅಂತ್ಯಕ್ರಿಯೆಗೆ ಅದೇ ಸಿಬ್ಬಂದಿಯ ಟೋಬಿ ಓಡಾಡುವ ಕಥೆ, ಹಿಂದಿನದು ಗೊತ್ತಿಲ್ಲದಿದ್ದರೂ ಅರ್ಥವಾಗುತ್ತದೆ. ನಿಮಗೆ ಹಿಡಿಸೇ ಹಿಡಿಸುತ್ತದೆ ಅಂತ ಹೇಳಲಾರೆ. ಅದೂ ಪಾಠದ ಹಾಗೆ ಅನಿಸಿದರೆ ಇಡೀ ಧಾರಾವಾಹಿಯ ಬಗ್ಗೆ ಬರೆಯಿರಿ. ಇಲ್ಲದಿದ್ದರೆ ಆ ಒಂದು ಎಪಿಸೋಡ್‌ಗಷ್ಟೇ ದೂರು ಇಟ್ಟುಕೊಳ್ಳಿ.